ಇನ್ನೊಂದು ಸಲ ಕುದಿದರೆ

ಬೇಸಗೆಯ ಮಧ್ಯಾಹ್ನ, ಏರುದಾರಿ, ಒಳಗೆ ಆರು ಜನ, ಡಿಕ್ಕಿಯಲ್ಲಿ ಮೂಟೆ. ಅಂಥ ಹೊತ್ತಿನಲ್ಲಿ ಹಳೇ ಕಾರು ಕುದಿದರೆ ನಾನು ತಲೆ ಕೆಡಿಸಿಕೊಳ್ಳುವವನಲ್ಲ. ನೆರಳಿಗೆ ನಿಲ್ಲಿಸಿ, ತಣಿಯುವವರೆಗೆ ಕಾಯ್ದು, ನೀರು ತುಂಬಿಸಿಕೊಂಡು ಹೊರಟರಾಯಿತು. ಆದರೆ ಸೋನೆ ಮಳೆಯಲ್ಲಿ, ಸಮತಟ್ಟಾದ ರಸ್ತೆಯಲ್ಲಿ, ಸ್ವೆಟರ್ ಹಾಕಿಕೊಂಡು ಕೂತವರ ಕಾರು ಕುದಿಯಿತು ಎಂದರೆ ಎದೆ ಝಲ್ಲೆನ್ನಬೇಕು. ಎಂಜಿನ್ನಿನ ಬಿಸಿಗೆ ಹೊರಗೆ ಹೋಗಲು ದಾರಿಯೇ ಇಲ್ಲ ಎಂದು ಅದರ ಅರ್ಥ.

ನಾನು ಆಗ ಹುಣಸೂರಿನಲ್ಲಿ ಹಳೇ ಕಾರು ಕೊಂಡು ಮಾರುತ್ತಿದ್ದೆ. ಎಚ್.ಡಿ. ಕೋಟೆಯ ಮೇಷ್ಟರೊಬ್ಬರ ಬಳಿ ಚೌಕಾಸಿ ಮಾಡಿ ತಂದಿದ್ದ, ಮೂರು ಸಿಲಿಂಡರಿನ ಒಂದು ಪುಟ್ಟ ಬಿಳಿ ಕಾರನ್ನು ಪಿರಿಯಾಪಟ್ಟಣದ ಒಳಗಿನ ಹಳ್ಳಿಯ ಹೊಗೆಸೊಪ್ಪಿನ ರೈತರಿಗೆ ಕೊಟ್ಟಿದ್ದೆ. ಜೋಡಿ ಎತ್ತು ಮಾರಿ ಕಾರು ಕೊಳ್ಳಲು ಬಂದಿದ್ದರು ಅವರು. ಕಾರಣ ಅವರ ಹೆಂಡತಿ. ಆಯಮ್ಮನ ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸಿದ್ದವು. ವಾರಕ್ಕೆರಡು ಸಲ ಮೈಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಅವರ ಭಾಷೆಯಲ್ಲಿ 'ರಕ್ತ ತೊಳೆಸೋದು'. ಹೋಗುವಾಗ ಮೈಯಲ್ಲಿ ನೀರು ತುಂಬಿ ಉಸಿರಾಡಲು ಕಷ್ಟ, ಬರುವಾಗ ಮೈ ಸೋತು ವಾಂತಿ. ಅಷ್ಟು ದಿನ ಬಸ್ಸಿನಲ್ಲೇ ಓಡಾಡಿದ್ದರು.

ಕಾರು ನೋಡಲು ಬಂದ ದಿನ ಗಂಡ ಟೈರು ಒದ್ದು ನೋಡಿದರು, ಬಾನೆಟ್ ಎತ್ತಿಸಿದರು. ಆಯಮ್ಮ ಅದ್ಯಾವುದರ ಗೊಡವೆಗೂ ಹೋಗದೆ ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಮಲಗಿಯೇಬಿಟ್ಟರು.

"ಏನವ್ವಾ ಇದು?" ಎಂದೆ.

"ಇರು ಕಣಪ್ಪ, ನಂಗೆ ಬೇಕಾಗಿರೋದು ನಾನು ನೋಡ್ತೀನಿ. ಕಾಲು ಮಡಿಸ್ಕಂಡ್ರೆ ಮಲಿಕ್ಕಬೋದು. ತಗಳಿ, ಸಾಕು."

ಕೊಳ್ಳುವವರೇ ಹೀಗೆ ಸಾಕು ಅಂದುಬಿಟ್ಟರೆ ನನ್ನಂಥವನಿಗೆ ಚೌಕಾಸಿಯ ರುಚಿಯೇ ಹೋಗುತ್ತದೆ. ಆದರೂ ಎಲ್ಲರಿಗೂ ಹಾಕುವ ಷರತ್ತು ಹಾಕಿದೆ: ಮೊದಲ ಕೆಲವು ತಿಂಗಳು ಏನೇ ಕೆಟ್ಟರೂ ನನ್ನ ಹತ್ತಿರವೇ ತರಬೇಕು, ಬೇರೆಯವರು ಬಾನೆಟ್ಟಿನೊಳಗೆ ಕೈ ಹಾಕಿದ್ದು ಕಂಡರೆ ನನ್ನ ಜವಾಬ್ದಾರಿ ಅಲ್ಲಿಗೆ ಮುಗಿಯಿತು.

ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಬೇಯಿಸುವ ಕಾಲ ಶುರುವಾಗಿತ್ತು. ಬ್ಯಾರನ್ ಎಂದರೆ ಸೊಪ್ಪನ್ನು ಕೋಲಿಗೆ ಕಟ್ಟಿ ನೇತುಹಾಕಿ, ಕೆಳಗೆ ಪೈಪುಗಳಲ್ಲಿ ಬಿಸಿ ಹಾಯಿಸಿ ಒಣಗಿಸುವ ಎತ್ತರದ ಮನೆ. ಆ ತಿಂಗಳುಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಗಾಳಿಗೇ ಆ ಘಾಟು. ಬಟ್ಟೆ, ತಲೆದಿಂಬು, ಅನ್ನ ಕಲಸುವ ಬೆರಳು ಎಲ್ಲದಕ್ಕೂ ಅದೇ ವಾಸನೆ. ಆ ದಿನಗಳಲ್ಲೇ ಒಂದು ದಿನ ರೈತರು ಕಾರು ತಂದು ನನ್ನ ಅಂಗಡಿ ಮುಂದೆ ನಿಲ್ಲಿಸಿದರು. ಮುಖ ಬಿಳಿಚಿಕೊಂಡಿತ್ತು.

"ಬಿಳಿಕೆರೆ ಹತ್ರ ಕುದ್ದೋಯ್ತು ಕಣ್ರೀ. ಮಳೇಲಿ! ಬುಸಬುಸ ಅಂತ ಹೊಗೆ. ಇವಳನ್ನ ರಸ್ತೇಲಿ ಕೂರುಸ್ಕಂಡು, ಹಳ್ಳದ ನೀರು ಹೊತ್ತು ಹಾಕಿ, ಹೆಂಗೋ ಆಸ್ಪತ್ರೆ ಮುಟ್ಟುದೊ."

"ಮುಂಚೆ ಏನಾದ್ರೂ ಸೋರ್ತಿತ್ತಾ?"

"ಇಲ್ಲ ಇಲ್ಲ" ಎಂದರು, ಸ್ವಲ್ಪ ಬೇಗನೆ. ಆ ಬೇಗವನ್ನು ನಾನು ಗಮನಿಸಬೇಕಿತ್ತು. ಮಾರುವವನ ಮುಖ ಓದುವುದನ್ನು ಕಲಿತಿದ್ದೆ, ಕೊಂಡವನ ಮುಖ ಓದುವ ಅಭ್ಯಾಸ ಇರಲಿಲ್ಲ.

ಹಳೇ ಕಾರು ಇಟ್ಟುಕೊಂಡವರಿಗೆ ನಾನು ಹೇಳುವ ಮಾತು ಇದು: ಕುದಿದ ಗಾಡಿಯನ್ನು ಹೊರಗಿನಿಂದ ಒಳಗೆ ನೋಡುತ್ತ ಹೋಗಿ. ಮೊದಲೇ ಎಂಜಿನ್ ಬಿಚ್ಚಿಸುವ ಮೆಕ್ಯಾನಿಕ್ಕನ್ನು ನಂಬಬೇಡಿ. ನಾನೂ ಹಾಗೇ ಹೊರಟೆ. ನೀರು ತಿರುಗಿಸುವ ಪಂಪಿನ ಬೆಲ್ಟ್ ಹೆಬ್ಬೆರಳಿನಲ್ಲಿ ಒತ್ತಿ ನೋಡಿದೆ, ಸಡಿಲವಿತ್ತು, ಬಿಗಿ ಮಾಡಿದೆ. ರೇಡಿಯೇಟರಿನ ಮುಂದಿನ ಫ್ಯಾನು ತಿರುಗುತ್ತಿತ್ತು. ಮುಚ್ಚಳದ ರಬ್ಬರು ಸತ್ತಿತ್ತು. ಆ ಮುಚ್ಚಳ ಒತ್ತಡ ಹಿಡಿದಿಡದಿದ್ದರೆ ನೀರು ಬೇಗ ಕುದಿಯುತ್ತದೆ, ಹೊಸದು ಹಾಕಿದೆ. ಆಯಿಲ್ ಕಡ್ಡಿ ಎಳೆದು ನೋಡಿದೆ, ಹಾಲಿನ ಬಣ್ಣ ಇರಲಿಲ್ಲ. ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ಓಡಿಸಿದೆ. ನೀರಿನಲ್ಲಿ ಗುಳ್ಳೆ ಏಳುತ್ತ ಹೋದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ ಎಂದು ಲೆಕ್ಕ. ಗುಳ್ಳೆ ಏಳಲಿಲ್ಲ. ನೀರು ಮಾತ್ರ ಚಹಾದಂತೆ ಕಂದಾಗಿತ್ತು.

"ತುಕ್ಕು" ಎಂದೆ. ಪಕ್ಕದ ಗ್ಯಾರೇಜಿನವನೂ ಬಗ್ಗಿ ನೋಡಿ "ತುಕ್ಕೇ ಕಣ್ಲಾ" ಎಂದ. ಹಳೇ ಕಾರು, ಬೋರ್‌ವೆಲ್ ನೀರು, ತುಕ್ಕಲ್ಲದೆ ಇನ್ನೇನು? ನೀರು ಬದಲಾಯಿಸಿದೆ.

ಇನ್ನೊಂದು ವಿಷಯವೂ ಗೊತ್ತಾಯಿತು. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಇರಬೇಕಾದ ಥರ್ಮೋಸ್ಟಾಟ್ ವಾಲ್ವ್ ಅದರಲ್ಲಿ ಇರಲೇ ಇಲ್ಲ. ನೀರು ಸಾಕಷ್ಟು ಬಿಸಿಯಾಗುವವರೆಗೆ ಬಾಗಿಲು ಮುಚ್ಚಿಟ್ಟು, ಆಮೇಲೆ ರೇಡಿಯೇಟರಿಗೆ ಬಿಡುವ ಬಿಲ್ಲೆ ಅದು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದನ್ನು ಕಿತ್ತೆಸೆಯುವುದೇ ಪದ್ಧತಿ. ಕೋಟೆಯಲ್ಲೇ ಯಾರೋ ಕಿತ್ತಿದ್ದಾರೆ ಎಂದುಕೊಂಡು ನಾನೂ ಸುಮ್ಮನಾದೆ. ಅದು ಇಲ್ಲದಿದ್ದರೆ ಆಗುವ ಅನಾಹುತ ಏನೆಂದರೆ, ಹತ್ತಿರದ ಓಡಾಟದಲ್ಲಿ ಗಾಡಿ ತಣ್ಣಗೇ ಇದ್ದು ರೋಗ ಮುಚ್ಚಿಹೋಗುತ್ತದೆ. ದೂರ ಹೋದಾಗ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ.

ಆಗಿದ್ದೂ ಅದೇ. ಬೆಳಗಿನ ತಂಪಿನಲ್ಲಿ ನಾನೊಬ್ಬನೇ ಪಕ್ಕದ ಗುರುಪುರದವರೆಗೆ ಓಡಿಸಿಕೊಂಡು ಬಂದೆ. ಬಿಸಿಯ ಮುಳ್ಳು ಮೇಲೇಳಲೇ ಇಲ್ಲ. ಆದರೂ ಯಾಕೋ ಮನಸ್ಸು ತಡೆಯದೆ, ಆಸ್ಪತ್ರೆಯ ಮುಂದಿನ ಸರದಿಗೆ ನಾನೇ ಡ್ರೈವ್ ಮಾಡುತ್ತೇನೆಂದು ಅವರ ಹಳ್ಳಿಗೆ ಹೋದೆ.

ಆಯಮ್ಮ ಹಿಂದೆ ಕೂತರು. ಕಾಲು, ಮುಖ ಬಾತಿದ್ದವು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು, ಆದರೆ ಮಾತು ಬಿಡುತ್ತಿರಲಿಲ್ಲ.

"ಗಾಡಿಗೆ ಏನ್ ಕಾಯ್ಲೆ ಅಂತೆ?"

"ಏನಿಲ್ಲವ್ವಾ, ಮುಚ್ಚಳ ಹೋಗಿತ್ತು."

"ನಂಗೂ ಮೊದ್ಲು ಡಾಕ್ಟ್ರು ಏನಿಲ್ಲ ಅಂತ್ಲೇ ಅಂದ್ರು."

ಹುಣಸೂರು ದಾಟುವವರೆಗೆ ಮುಳ್ಳು ನಡುವಿನಲ್ಲಿತ್ತು. ಹೊರಗೆ ಸೋನೆ, ವೈಪರ್ ಆಡುತ್ತಿತ್ತು. ಬಿಳಿಕೆರೆಯ ಹತ್ತಿರ ಒಂದು ಲಾರಿ ಹಿಂದಿಕ್ಕಲು ವೇಗ ಹೆಚ್ಚಿಸಿದೆ. ಮತ್ತೆ ಕಣ್ಣು ಕೆಳಗಿಳಿಸುವಷ್ಟರಲ್ಲಿ ಮುಳ್ಳು ಮುಕ್ಕಾಲಿನಲ್ಲಿತ್ತು. ನನಗೆ ಗೊತ್ತಿದ್ದ ಕೊನೆಯ ಉಪಾಯ ಮಾಡಿದೆ: ಹೀಟರ್ ಪೂರ್ತಿ ತಿರುಗಿಸಿದೆ. ಎಂಜಿನ್ನಿನ ಬಿಸಿನೀರು ಹೀಟರಿನೊಳಗೆ ಹಾಯ್ದರೆ ಸ್ವಲ್ಪ ಶಾಖ ಒಳಗಡೆ ಬಂದು ಎಂಜಿನ್ ತಣಿಯುತ್ತದೆ. ಒಳಗೆ ಕೂತವರಿಗೆ ಸೆಕೆ, ಆದರೆ ಗಾಡಿ ಉಳಿಯುತ್ತದೆ. ಹೀಟರಿನಿಂದ ಬಂದದ್ದು ತಣ್ಣನೆಯ ಗಾಳಿ. ಎಂಜಿನ್ ಕುದಿಯುತ್ತಿದೆ, ಹೀಟರ್ ತಣ್ಣಗಿದೆ! ಒಳಗೆ ನೀರು ಓಡಾಡುತ್ತಲೇ ಇಲ್ಲ ಎಂದು ತಿಳಿಯಲು ಅಷ್ಟು ಸಾಕಿತ್ತು.

ಬಾನೆಟ್ಟಿನ ಅಂಚಿನಿಂದ ಆವಿ ಎದ್ದಿತು. ಮರದ ಕೆಳಗೆ ಎಳೆದು ನಿಲ್ಲಿಸಿ ಎಂಜಿನ್ ಆರಿಸಿದೆ. ರೈತರು ಡಬ್ಬದ ನೀರು ಹಿಡಿದು ಓಡಿಬಂದರು.

"ಮೇಲೆ ಸುರುದ್ಬುಡ್ತೀನಿ ಇರಿ!"

"ಬ್ಯಾಡ್ರೀ ಯಜಮಾನ್ರೇ!" ಅವರ ಕೈ ಹಿಡಿದೆ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಬಿದ್ದರೆ ಹೆಡ್ ಬಿರುಕು ಬಿಡುತ್ತದೆ. ಮುಚ್ಚಳ ತಿರುಗಿಸಿದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಹಾಗೆ ಕಣ್ಣು ಕಳೆದುಕೊಂಡವನನ್ನು ನೋಡಿದ್ದೇನೆ. ಕಾಯುವುದೊಂದೇ ದಾರಿ. ಆದರೆ ಹಿಂದಿನ ಸೀಟಿನಲ್ಲಿದ್ದವರಿಗೆ ಕಾಯಲು ಆಗುತ್ತಿರಲಿಲ್ಲ. ಆಯಮ್ಮ ಮುಂದಿನ ಸೀಟಿನ ಬೆನ್ನು ಹಿಡಿದು ಬಗ್ಗಿ ಕೂತಿದ್ದರು. ಪ್ರತಿ ಉಸಿರಿಗೂ ಭುಜ ಏಳುತ್ತಿತ್ತು. ಎಂಜಿನ್ನಿನ ಗುಳಗುಳ ಸದ್ದೂ ಅವರ ಎದೆಯ ಗೊರಗೊರವೂ ಒಟ್ಟಿಗೆ ಕೇಳುತ್ತಿದ್ದವು. ಈ ಹೆಂಗಸು ನನ್ನ ಕಾರಿನಲ್ಲಿ ಸಾಯುತ್ತಾರೆ ಎಂದು ಮನಸ್ಸು ಬಾಯಿಬಿಟ್ಟೇ ಹೇಳಿತು.

ರಸ್ತೆ ನಡುವೆ ನಿಂತು ಕೈ ಬೀಸಿದೆ. ಒಂದು ಕಾರು ಹಾರನ್ ಹೊಡೆದು ಪಕ್ಕಕ್ಕೆ ಹೋಯಿತು. ಆಮೇಲೆ ಬಂದ ಹಾಲಿನ ವ್ಯಾನಿನವನು ನಿಲ್ಲಿಸಿದ. ನಾನೂ ರೈತರೂ ಸೇರಿ ಆಯಮ್ಮನನ್ನು ಮುಂದಿನ ಸೀಟಿಗೆ ಎತ್ತಿ ಕೂರಿಸಿದೆವು. ವ್ಯಾನು ಹೊರಡುವ ಮುಂಚೆ ಆಯಮ್ಮ ಕಿಟಕಿಯಿಂದ ಮುಖ ಹಾಕಿದರು.

"ಎರಡು ಸಲ ಆಯ್ತು ಕಣಪ್ಪ. ಇನ್ನೊಂದ್ ಸಲ ಇದು ಕುದುದ್ರೆ... ಅದು ನಮ್ಮನೆ ದೇವರ ಅಪ್ಪಣೆ. ನನ್ನ ಕರೆಸ್ಕತಾ ಅವನೆ ಅಂತ ತಿಳ್ಕಂಡು... ನಾನು ಮನೇಲೇ ಇದ್ಬುಡ್ತೀನಿ. ರಕ್ತನೂ ಬ್ಯಾಡ, ತೊಳೆಸೋದೂ ಬ್ಯಾಡ."

ನಮ್ಮ ಕಡೆಯವರಿಗೆ ಇದು ತಮಾಷೆಯ ಮಾತಲ್ಲ. ದೇವರ ಮುಂದೆ ಕೂತು ಹೂವಿನ ಅಪ್ಪಣೆ ಕೇಳಿ ಮದುವೆ ನಿಲ್ಲಿಸಿದವರಿದ್ದಾರೆ, ಹೊಲ ಮಾರಿದವರಿದ್ದಾರೆ. ಅಪ್ಪಣೆ ಆಯಿತು ಎಂದಮೇಲೆ ಮಾತು ಮುಗಿಯಿತು. ರೈತರು ನನ್ನ ಮುಖ ನೋಡಿ ವ್ಯಾನು ಹತ್ತಿದರು. ಆಯಮ್ಮ ಆ ದಿನ ತಡವಾಗಿಯಾದರೂ ಆಸ್ಪತ್ರೆ ಮುಟ್ಟಿದರು ಎಂದು ಸಂಜೆ ಫೋನು ಬರುವವರೆಗೆ ನಾನು ಒಂದು ತುತ್ತೂ ಉಣ್ಣಲಿಲ್ಲ.

ಕಾರನ್ನು ಹಗ್ಗ ಕಟ್ಟಿ ಹುಣಸೂರಿಗೆ ಎಳೆಸಿ ತಂದೆ. ಮುಂದಿನ ಸರದಿಗೆ ಪರಿಚಯದವರ ಜೀಪು ಗೊತ್ತು ಮಾಡಿದೆ. ಸದಾ ಜೀಪು ಬಾಡಿಗೆಗೆ ಹಿಡಿಯುವ ಶಕ್ತಿ ಅವರಿಗಿಲ್ಲ, ನನಗೂ ಇಲ್ಲ. ಇರುವುದು ಈ ಕಾರು, ಅದರ ರೋಗ ಸಿಗಬೇಕು.

ಕಾರು ತಣಿದ ಮೇಲೆ ರೇಡಿಯೇಟರ್ ಇಳಿಸಿದೆ. ಕೆಳಗಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಮೇಲಿನಿಂದ ನೀರು ತುಂಬಿ, ಕೈ ತೆಗೆದೆ. ಸರಿಯಿರುವ ರೇಡಿಯೇಟರಾದರೆ ನೀರು ಧೋ ಎಂದು ಸುರಿದುಹೋಗಬೇಕು. ಇದು ಹಸುಗೂಸು ಉಚ್ಚೆ ಹೊಯ್ದಂತೆ ಸುರಿಯಿತು. ಬಿಚ್ಚದೆ ಮನೆಯಲ್ಲೇ ನೋಡಬೇಕೆನ್ನುವವರು ಹೀಗೂ ಮಾಡಬಹುದು: ಗಾಡಿ ಓಡಿಸಿ ನಿಲ್ಲಿಸಿ, ಎಂಜಿನ್ ಆರಿಸಿ, ರೇಡಿಯೇಟರಿನ ಹಿಂದೆ ಮುಂದೆ ಅಂಗೈ ಹತ್ತಿರ ಹಿಡಿಯಿರಿ. ಮೇಲೆ ಸುಡುತ್ತ, ಕೆಳಗೆ ಅಲ್ಲಲ್ಲಿ ತಣ್ಣಗಿದ್ದರೆ ನೀರಿನ ದಾರಿ ಕಟ್ಟಿದೆ. ನಾನು ಮೊದಲ ಸಲವೇ ಅಷ್ಟು ನೋಡಿದ್ದರೆ ಬಿಳಿಕೆರೆಯ ಆ ಮರದ ಕೆಳಗೆ ನಿಲ್ಲುತ್ತಿರಲಿಲ್ಲ.

ಹುಣಸೂರಿನಲ್ಲಿ ರೇಡಿಯೇಟರ್ ಬೆಸುಗೆಯ ಕೆಲಸದವರೆಲ್ಲ ಆ ಕಾಲದಲ್ಲಿ ಬ್ಯಾರನ್ ಪೈಪುಗಳ ಮೇಲೆ ಬಿದ್ದಿರುತ್ತಾರೆ. ಪೈಪು ತೂತಾದರೆ ಬ್ಯಾರನ್ ತುಂಬ ಹೊಗೆ, ಸೊಪ್ಪು ಹಾಳು. ರೈತರು ಅವರನ್ನು ಕಾದು ಕೂತು ಕರೆದೊಯ್ಯುತ್ತಾರೆ. ನನ್ನ ಪಾಳಿ ಬರುವ ಹಾಗಿರಲಿಲ್ಲ. ರೇಡಿಯೇಟರನ್ನು ಗೋಣಿಚೀಲದಲ್ಲಿ ಸುತ್ತಿ ಕೆ.ಆರ್. ನಗರದ ಬಸ್ಸು ಹತ್ತಿದೆ. ಆ ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಹೊಗೆಸೊಪ್ಪು ಮುಗಿದು ನಾಲೆ, ಭತ್ತದ ಗದ್ದೆ ಶುರುವಾಗುತ್ತವೆ. ಕಂಡಕ್ಟರ್ ಚೀಲಕ್ಕೆ ಲಗೇಜ್ ಕೇಳಿದ. ನಾನು ಎಂಥ ಹೊತ್ತಿನಲ್ಲೂ ಲಗೇಜಿಗೆ ಜಗಳವಾಡುವವನು. ಆ ದಿನ ಕೇಳಿದಷ್ಟು ಕೊಟ್ಟೆ.

ಕೆ.ಆರ್. ನಗರದ ರೇಡಿಯೇಟರ್ ಭಾಯಿ ಪರಿಚಯದವರೇ. ಮೇಲಿನ ತೊಟ್ಟಿಯ ಬೆಸುಗೆ ಕರಗಿಸಿ ಅದನ್ನು ಎತ್ತಿದರು. ಎತ್ತಿದ ಕೂಡಲೇ ಹಿಂದಕ್ಕೆ ಸರಿದು ಸೀನಿದರು. ಒಂದಲ್ಲ, ಸಾಲಾಗಿ.

"ಏನಣ್ಣಾ ಇದು! ರೇಡಿಯೇಟರ್ ತಂದಿದ್ದೀರೋ, ನಶ್ಯದ ಡಬ್ಬಿ ತಂದಿದ್ದೀರೋ?"

"ಯಾಕೆ ಭಾಯ್?"

"ಯಾಕೆ ಅಂತೀರಲ್ಲ! ಹೊಗೆಸೊಪ್ಪಿನ ಕಷಾಯ ಇದು. ನಿಮ್ಗೆ ಮೂಗಿಲ್ವಾ?"

ನಾನು ಬಗ್ಗಿ ಮೂಸಿದೆ. ಏನೂ ಗೊತ್ತಾಗಲಿಲ್ಲ. ಆಮೇಲೆ ನನ್ನ ಅಂಗಿಯ ತೋಳು ಮೂಸಿ, ಮತ್ತೆ ತೊಟ್ಟಿ ಮೂಸಿದೆ. ಎರಡೂ ಒಂದೇ. ನಮ್ಮ ಊರಿನ ಗಾಳಿಯಲ್ಲೇ ಇರುವ ವಾಸನೆ ಕಾರಿನೊಳಗೆ ಇದ್ದರೆ ನಮ್ಮವರಿಗೆ ಯಾರಿಗೆ ತಿಳಿಯಬೇಕು? ಚಹಾದ ಬಣ್ಣ ಕಂಡು ಎಲ್ಲರೂ ತುಕ್ಕು ತುಕ್ಕು ಎಂದೆವು. ಭಾಯಿ ತಂತಿ ತೂರಿಸಿ ಎಳೆದರು. ತೆಳು ಕೊಳವೆಗಳ ಬಾಯಿಂದ ಕರಿ ಹಸಿರು ಮುದ್ದೆ, ಸೊಪ್ಪಿನ ನಾರು ಬಂತು.

ರೇಡಿಯೇಟರಿನಲ್ಲಿ ಸೂಜಿಮೊನೆಯಷ್ಟು ತೂತಾದಾಗ ಅರಿಶಿನ ಹಾಕುವುದು, ಬೀಡಿ ಪುಡಿ ಹಾಕುವುದು ಹಳೇ ಲಾರಿಯವರ ಉಪಾಯ. ಪುಡಿ ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ. ಚಿಟಿಕೆ ಹಾಕಿದರೆ ಊರು ಮುಟ್ಟಬಹುದು. ಆದರೆ ಮನೆ ತುಂಬ ಹೊಗೆಸೊಪ್ಪು ಇರುವವರು ಚಿಟಿಕೆ ಹಾಕುತ್ತಾರೆಯೇ?

"ಆಸಿಡ್ ಬಿಟ್ಟು ತೊಳೆದ್ರೆ ಈಗ್ಲೇ ಕೊಡ್ತೀನಿ" ಎಂದರು ಭಾಯಿ. "ಇಲ್ಲ, ಎರಡೂ ತೊಟ್ಟಿ ಬಿಚ್ಚಿ, ಒಂದೊಂದು ಕೊಳವೆಗೂ ಸರಳು ಹಾಕಿ, ಆ ತೂತು ಹುಡುಕಿ ಬೆಸುಗೆ ಹಾಕ್ಬೇಕು ಅಂದ್ರೆ ನಾಳೆ ಬನ್ನಿ."

ಬೇರೆ ದಿನವಾಗಿದ್ದರೆ ಮೊದಲನೆಯದನ್ನೇ, ಅದೂ ಇನ್ನಷ್ಟು ಕಡಿಮೆಗೆ ಕೇಳುತ್ತಿದ್ದೆ. ಆಸಿಡ್ ಹಾಕಿ ತೊಳೆದ ಗಾಡಿ ಮಾರುವವನ ಕೈಯಲ್ಲಿ ಇರುವಷ್ಟು ದಿನ ಚೆನ್ನಾಗಿರುತ್ತದೆ. ಬಾಗಿ ಕೂತ ಆಯಮ್ಮನ ಭುಜ ಕಣ್ಣ ಮುಂದೆ ಬಂತು.

"ಎಲ್ಲ ಬಿಚ್ಚಿ ಭಾಯ್. ಎಷ್ಟಾಗುತ್ತೆ ಅಂತ ನಾನು ಕೇಳಲ್ಲ."

"ನೀವು? ಕೇಳಲ್ವಾ?" ಭಾಯಿ ನನ್ನ ಮುಖವನ್ನೇ ನೋಡಿದರು. "ಮೈ ಹುಷಾರಿದೆ ತಾನೇ?"

ಅಲ್ಲಿಂದ ನೇರ ರೈತರ ಹಳ್ಳಿಗೆ ಹೋದೆ. ಅವರು ಬ್ಯಾರನ್ನಿನ ಒಲೆಬಾಯಿಗೆ ಸೌದೆ ತಳ್ಳುತ್ತಿದ್ದರು. ಹೊಗೆಸೊಪ್ಪು ಎಷ್ಟು ಹಾಕಿದ್ದಾರೆ ಎಂದು ನನಗೆ ತಿಳಿಯಲೇಬೇಕಿತ್ತು. ರೇಡಿಯೇಟರ್ ಒಂದೇ ಕಟ್ಟಿದೆಯೋ, ಎಂಜಿನ್ನಿನ ಒಳಗಿನ ನೀರಿನ ಓಣಿಗಳಿಗೂ ಹೋಗಿದೆಯೋ?

"ಯಜಮಾನ್ರೇ, ಎಷ್ಟು ಹಾಕುದ್ರಿ?"

ಕೈಯಲ್ಲಿದ್ದ ಸೌದೆ ಹಾಗೇ ನಿಂತಿತು. ಮನೆಯ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದರು. "ಕಾರ್ ಕೆಳಗೆ ಹನಿ ಹನಿ ಬೀಳ್ತಿತ್ತು ಕಣ್ರೀ. ಮಾರನೇ ದಿನ ಆಸ್ಪತ್ರೆ ಸರದಿ. ಒಂದ್ ಹಿಡಿ ಪುಡಿ ಹಾಕ್ದೆ, ನಿಂತ್ಕತು. ಆಮೇಲೆ ತಿರುಗ ಬಿತ್ತು. ಇನ್ನೊಂದ್ ಹಿಡಿ ಹಾಕ್ದೆ."

"ನಾನು ಕೇಳ್ದಾಗ ಯಾಕ್ರೀ ಹೇಳಲಿಲ್ಲ? ಆಯಮ್ಮನ ಪ್ರಾಣ ಹೋಗ್ತಿತ್ತಲ್ರೀ!"

"ಯೋಳುದ್ರೆ ನಿಮ್ ಜವಾಬ್ದಾರಿ ಮುಗೀತು ಅಂತಿದ್ರಿ. ಗಾಡಿ ಯಾರ್ ನೋಡ್ತಿದ್ರು ಆಮೇಲೆ? ಎತ್ತೂ ಇಲ್ಲ, ಕಾರೂ ಇಲ್ಲ."

ಆ ಷರತ್ತನ್ನು ಆಮೇಲೆ ನಾನು ಯಾರಿಗೂ ಹಾಕಿಲ್ಲ. ವ್ಯಾಪಾರ ಮಾಡುವವರಿಗೂ ಅದನ್ನೇ ಹೇಳುತ್ತೇನೆ: ಕೊಂಡವನು ನಿಮಗೆ ಹೆದರಿದರೆ ರೋಗದ ಮೂಲ ಮುಚ್ಚಿಡುತ್ತಾನೆ.

ಹಟ್ಟಿಯ ಕಡೆಯಿಂದ ನಗು ಕೇಳಿಸಿತು. ಆಯಮ್ಮ ಬಾಗಿಲಿಗೆ ಒರಗಿ ನಿಂತಿದ್ದರು.

"ಅಯ್ಯೋ ನಿನ್ ಮನೆ ಕಾಯ್ವಾಗ! ನಂಗೆ ಸೊಪ್ಪು, ಉಪ್ಪು ಯಾವ್ದೂ ಬ್ಯಾಡ ಅಂತ ಡಾಕ್ಟ್ರು ಅಂದ್ರೆ, ಈವಯ್ಯ ಗಾಡಿಗೆ ಸೊಪ್ಪು ತಿನ್ಸವ್ನೆ."

ನನಗೆ ಸಣ್ಣ ಆಸೆ ಹುಟ್ಟಿತು. ಚೌಕಾಸಿಗೆ ಇಳಿದೆ. "ನೋಡಿದ್ರಾ ಅವ್ವಾ, ಎರಡು ಸಲ ಕುದ್ದಿದ್ದು ಯಜಮಾನ್ರು ಹಾಕಿದ ಪುಡಿಯಿಂದ. ದೇವರ ಅಪ್ಪಣೆ ಎಲ್ಲಿಂದ ಬಂತು? ಆ ಲೆಕ್ಕ ಬಿಟ್ಟುಬಿಡಿ."

ಆಯಮ್ಮ ಯೋಚಿಸಿದರು. "ಸರಿ ಬುಡು. ಆ ಎರಡು ಬಿಟ್ಟೆ."

"ಹಾಗಾದ್ರೆ ಮಾತು ಮುಗೀತು."

"ಎಲ್ಲಿ ಮುಗೀತು? ಆವಾಗ ಪುಡಿ ಇತ್ತು, ಕುದೀತು. ಈಗ ನೀನು ಎಲ್ಲ ಬಿಚ್ಚಿ, ತೊಳ್ದು, ಸರಿ ಮಾಡ್ತೀಯ ತಾನೆ? ಅದಾದ್ಮೇಲೂ ಕುದುದ್ರೆ ಅದು ಮನುಷ್ಯನ ಕೈಲಿ ಇಲ್ಲ ಅಂತಲ್ವಾ? ಅದು ಆಯಪ್ಪಂದೇ. ಒಂದೇ ಸಲ ಸಾಕು."

ವರ್ಷಗಟ್ಟಲೆ ಕಾರು ಮಾರಿದ್ದೇನೆ, ಇಂಥ ಚೌಕಾಸಿಯಲ್ಲಿ ಸೋತಿರಲಿಲ್ಲ. ಮುಂಚೆ ಸುಮ್ಮನೆ ಹೆದರಿದ್ದೆ. ಈಗ ನನ್ನ ಕೈಗೆಲಸದ ಮೇಲೇ ಅವರ ಜೀವ ತಂದು ಇಟ್ಟಿದ್ದರು. ಡಯಾಲಿಸಿಸ್ ನಿಲ್ಲಿಸಿಬಿಡಲು ಆಯಮ್ಮ ಒಳಗೊಳಗೇ ಕಾಯುತ್ತಿದ್ದಾರೆ ಎಂಬುದೂ ಆಗ ನನಗೆ ಹೊಳೆಯಿತು. ಸೂಜಿ, ಪಥ್ಯ, ಅಳೆದು ಕುಡಿಯುವ ನೀರು, ಎಲ್ಲದರಿಂದ ಬೇಸತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಒಂದು ನೆಪ.

ಮರುದಿನದಿಂದ ನಾನು ಬೇರೆ ಯಾವ ಕಾರನ್ನೂ ಮುಟ್ಟಲಿಲ್ಲ. ನೀರಿನ ಪಂಪು ಬಿಚ್ಚಿದೆ. ಅದರ ರೆಕ್ಕೆಗಳ ಸುತ್ತ ನಾರು ಸುತ್ತಿಕೊಂಡಿತ್ತು. ಹೀಟರಿನ ಕೊಳವೆ ಕಳಚಿ, ಬಂದ ದಿಕ್ಕಿಗೆ ವಿರುದ್ಧವಾಗಿ ನೀರು ಬಿಟ್ಟೆ. ಮೊದಲು ಏನೂ ಇಲ್ಲ, ಆಮೇಲೆ ಒಂದು ಮುದ್ದೆ ಫಟ್ಟೆಂದು ಅಂಗಳಕ್ಕೆ ಬಿತ್ತು. ಎಂಜಿನ್ನಿನೊಳಗೆ ಪೈಪಿಟ್ಟು, ತಿಳಿನೀರು ಬರುವವರೆಗೆ ತೊಳೆದೆ. ತಿಳಿಯಾದ ಮೇಲೆ ನಿಲ್ಲಿಸಿ, ಎಂಜಿನ್ ಓಡಿಸಿ, ಮತ್ತೆ ತೊಳೆದೆ. ಮತ್ತೆ ಕಂದು ಬಂತು. ಬೇಸರ ಮಾಡಿಕೊಳ್ಳುವವರು ಈ ಕೆಲಸಕ್ಕೆ ಕೈ ಹಾಕಬಾರದು. ಹೊಸ ಥರ್ಮೋಸ್ಟಾಟ್ ವಾಲ್ವ್ ತಂದು, ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಟ್ಟೆ. ನೀರು ಕೊತಕೊತ ಎನ್ನುವ ಮುಂಚೆಯೇ ಅದು ಬಾಯಿ ತೆರೆಯಿತು, ತೆಗೆದಿಟ್ಟಾಗ ಮುಚ್ಚಿಕೊಂಡಿತು. ಆಮೇಲೆಯೇ ಅದನ್ನು ಕೂರಿಸಿದೆ. ಹೊಸ ಬೆಲ್ಟು, ಹೊಸ ಹೋಸ್ ಪೈಪುಗಳು. ಯಾವಾಗಲೂ ತಿರುಗುವಂತೆ ಹಿಂದೆ ಯಾರೋ ನೇರ ಕೊಟ್ಟಿದ್ದ ಫ್ಯಾನಿನ ವೈರನ್ನು ತೆಗೆದು, ಬಿಸಿ ಏರಿದಾಗ ತಾನಾಗಿ ಚಾಲೂ ಆಗುವ ಸ್ವಿಚ್ಚಿಗೆ ಮತ್ತೆ ಜೋಡಿಸಿದೆ. ಬೋರ್‌ವೆಲ್ ನೀರು ಬೇಡವೆಂದು ಹಿಡಿದಿಟ್ಟ ಮಳೆನೀರಿಗೆ ಕೂಲೆಂಟ್ ಬೆರೆಸಿ ತುಂಬಿದೆ.

ಈ ಸಲ ಒಬ್ಬನೇ ಓಡಿಸಿ ನೋಡುವ ತಪ್ಪು ಮಾಡಲಿಲ್ಲ. ಹಿಂದಿನ ಸೀಟಿಗೂ ಡಿಕ್ಕಿಗೂ ಹಿಂಡಿ ಮೂಟೆ ತುಂಬಿ, ಮಧ್ಯಾಹ್ನ, ಬಿಳಿಕೆರೆ ದಾಟಿ ಹೋಗಿಬಂದೆ. ಗಾಡಿ ಹೊರಬೇಕಾದ ಭಾರ ಹೊರಿಸಿ, ಓಡಬೇಕಾದ ದಾರಿಯಲ್ಲೇ ನೋಡಬೇಕು. ಮುಳ್ಳು ಅರ್ಧದಲ್ಲಿ ನಿಂತಿತ್ತು. ಹೀಟರ್ ತಿರುಗಿಸಿದಾಗ ಮೊಣಕಾಲಿಗೆ ಬಿಸಿ ಬಡಿಯಿತು. ಹಾಗಿದ್ದರೂ ರಾತ್ರಿ ನಿದ್ದೆ ಬರಲಿಲ್ಲ. ಮೂಟೆಗೆ ಉಸಿರು ಕಟ್ಟುವುದಿಲ್ಲವಲ್ಲ.

ಸರದಿಯ ದಿನ ನಾನೇ ಡ್ರೈವ್ ಮಾಡಿದೆ. ರೈತರು ಪಕ್ಕದಲ್ಲಿ, ಆಯಮ್ಮ ಹಿಂದೆ. ಆದರೆ ಮಲಗಲಿಲ್ಲ, ಎರಡು ಸೀಟಿನ ನಡುವೆ ತಲೆ ಹಾಕಿ ಮುಳ್ಳನ್ನೇ ನೋಡುತ್ತ ಕೂತರು.

"ಯಾವುದಪ್ಪ ಅದು, ಈ ಕೆಂಪು ಗೆರೆಗಂಟ ಹೋದ್ರೆ ಕುದ್ದಂಗೆ ತಾನೆ?"

"ಅಲ್ಲಿಗೆ ಹೋಗಲ್ಲ ಅವ್ವಾ."

"ಹೋದ್ರೆ ನಿಲ್ಸು. ತಿರುಗ್ಸು. ಅಷ್ಟೆ."

ಬಿಳಿಕೆರೆ ದಾಟಿತು. ಆ ಮರ ದಾಟಿತು. ಮೈಸೂರು ಹತ್ತಿರವಾದಾಗ ರಸ್ತೆ ಕೆಲಸ ನಡೆಯುತ್ತಿತ್ತು, ಗಾಡಿಗಳು ಸಾಲಾಗಿ ನಿಂತಿದ್ದವು. ಓಡುವ ಗಾಡಿಗೆ ಗಾಳಿಯೇ ತಂಪು. ನಿಂತ ಗಾಡಿಗೆ ಫ್ಯಾನೊಂದೇ ಗತಿ. ಮುಳ್ಳು ಅರ್ಧ ದಾಟಿತು. ಫ್ಯಾನಿನ ಸದ್ದಿಲ್ಲ. ಇನ್ನಷ್ಟು ಏರಿತು. ಫ್ಯಾನಿನ ಸದ್ದಿಲ್ಲ. ನಾನು ಸ್ಟೇರಿಂಗ್ ಬಿಗಿ ಹಿಡಿದೆ. ಯಾವ ತಂತಿ ಬಿಟ್ಟೆ, ಸ್ವಿಚ್ಚು ಒಳ್ಳೆಯದೇ, ಒಮ್ಮೆ ಕೈಯಾರೆ ಬಿಸಿ ಮಾಡಿ ನೋಡಿದ್ದೆನೇ ಎಂದು ತಲೆಯಲ್ಲಿ ಎಲ್ಲ ಕಲಸಿಹೋಯಿತು. ಕುತ್ತಿಗೆಗೆ ಆಯಮ್ಮನ ಬಿಸಿ ಉಸಿರು ತಾಗುತ್ತಿತ್ತು.

"ಏರ್ತಾ ಅದೆ ಕಣಪ್ಪ" ಎಂದರು. ಆ ದನಿಯಲ್ಲಿ ಜಂಬ ಇರಲಿಲ್ಲ, ನೆಪ ಸಿಕ್ಕಿದ ಸಮಾಧಾನವೂ ಇರಲಿಲ್ಲ. ಹೆದರಿದ್ದರು. ನನ್ನ ಭುಜ ಹಿಡಿದಿದ್ದರು.

ಆಗ ಮುಂದೆ ಗುಯ್ ಎಂದು ಫ್ಯಾನು ಎದ್ದಿತು. ಮುಳ್ಳು ಒಂದು ಕ್ಷಣ ಅಲ್ಲೇ ನಿಂತು, ಮೆಲ್ಲಗೆ ಇಳಿಯತೊಡಗಿತು. ರೈತರು ಮುಖ ಒರೆಸಿಕೊಂಡರು. ಭುಜದ ಮೇಲಿನ ಕೈ ಹಿಂದಕ್ಕೆ ಹೋಯಿತು.

"ಅದೇನ್ಲಾ ಅಷ್ಟೊತ್ತು ಮಾಡ್ತು ಮುಂಡೇದು" ಎಂದು ಬೈದರು ಆಯಮ್ಮ. ಆಸ್ಪತ್ರೆಯ ಬಾಗಿಲಲ್ಲಿ ಇಳಿದು ಒಳಗೆ ಹೋಗುವಾಗ ತಿರುಗಿಯೂ ನೋಡಲಿಲ್ಲ.

ಹಿಂದಿರುಗುವಾಗ ಸಂಜೆಯ ಮಳೆ ನಿಂತು ಬೆಳಕಿತ್ತು. ಸ್ವಲ್ಪ ದೂರ ಆಯಮ್ಮ ನನ್ನ ಡ್ರೈವಿಂಗಿಗೆ, ಗಂಡನ ಹೊಗೆಸೊಪ್ಪಿಗೆ, ಆಸ್ಪತ್ರೆಯ ಗಂಜಿಗೆ ಬೈಯುತ್ತ ಬಂದರು. ಬಿಳಿಕೆರೆಯ ಈಚೆ ಬೈಗುಳ ನಿಂತುಹೋಯಿತು. ರಕ್ತ ತೊಳೆದ ಮೇಲೆ ಬಿಪಿ ಇಳಿದು ಜ್ಞಾನ ತಪ್ಪುವುದುಂಟು ಎಂದು ನರ್ಸು ಹೇಳಿದ್ದು ನೆನಪಾಗಿ ವೇಗ ತಗ್ಗಿಸಿದೆ.

"ಯಜಮಾನ್ರೇ, ಹಿಂದೆ ನೋಡಿ."

ಅವರು ತಿರುಗಿದರು. ಕೈ ಚಾಚಿ ಹೆಂಡತಿಯ ಮೂಗಿನ ಹತ್ತಿರ ಬೆರಳು ಹಿಡಿದರು. ಅಷ್ಟರಲ್ಲಿ ಹಿಂದಿನಿಂದ ಗೊರಕೆಯೊಂದು ಎದ್ದಿತು, ಉದ್ದದ್ದು, ಒಂದೇ ಲಯದ್ದು. ಕಾಲು ಮಡಿಸಿಕೊಂಡು ಸೀಟಿನ ಮೇಲೆ ಮಲಗಿದ್ದರು.

"ಬಸ್ಸಲ್ಲಿ ಒಂದ್ ದಿನಾನೂ ಹಿಂಗೆ ಮಲಗಿಲ್ಲ ಕಣ್ರೀ" ಎಂದರು ರೈತರು ಪಿಸುದನಿಯಲ್ಲಿ. "ನೀವು ಹುಣಸೂರಲ್ಲಿ ಇಳ್ಕಬೇಕಲ್ವಾ? ನಿಲ್ಸಿದ್ರೆ ಎದ್ಬುಡ್ತಾಳೆ."

ನನ್ನ ಅಂಗಡಿ ಎಡಗಡೆ ಬಂತು. ಬಾಗಿಲ ಮುಂದೆ ಯಾರೋ ಗಿರಾಕಿ ಕಾಯುತ್ತ ನಿಂತಿದ್ದ, ಕಾರು ನೋಡಿ ಕೈ ಎತ್ತಿದ. ನಾನು ಹಾರನ್ ಹೊಡೆಯಲಿಲ್ಲ, ನಿಲ್ಲಿಸಲಿಲ್ಲ. ಗೇರು ಬದಲಿಸಿದ ಸದ್ದೂ ಹಿಂದಿನ ಸೀಟಿಗೆ ಕೇಳಿಸದಂತೆ ಮೆಲ್ಲಗೆ ಬದಲಿಸಿ, ಪಿರಿಯಾಪಟ್ಟಣದ ರಸ್ತೆಗೆ ತಿರುಗಿಸಿದೆ.